ನಮ್ಮ ಮದಗಕ್ಕೊಂದು ಬೋರ್ಡು ಬೇಕೇ?

ಪ್ರಶ್ನೆ ಇಷ್ಟೇ. ಉಡುಪಿ ಜಿಲ್ಲೆಯಲ್ಲಿ, ಬ್ರಹ್ಮಾವರದಿಂದ ಒಳಗಿನ ಒಂದು ಊರಿನಲ್ಲಿ ಮದಗ, ಅಂದರೆ ಮಳೆ ನೀರು ನಿಲ್ಲಿಸುವ ಹಳೆಯ ಕೆರೆಯಂಥ ಜಾಗ, ಇದೆ. ಅದನ್ನೂ ಪಕ್ಕದ ಹಾಡಿಯನ್ನೂ (ಊರ ಬದಿಯ ಕಾಡು) ಸೇರಿಸಿ, ಊರವರೇ ನೋಡಿಕೊಳ್ಳುವ ವನ್ಯಜೀವಿ ಮೀಸಲು ಎಂದು ಕಾನೂನಿನ ಪ್ರಕಾರ ಘೋಷಿಸಬೇಕೇ? ಬರುವ ಗ್ರಾಮಸಭೆಯಲ್ಲಿ ಇದು ಚರ್ಚೆಗೆ ಬರುತ್ತದೆ. ಪರವಾಗಿ ಬರೆದವರು ಮದಗದ ಕೆಳಗೆ ಗದ್ದೆ ಮಾಡುವವರು. ವಿರೋಧವಾಗಿ ಬರೆದವರು ಅವರ ಅಕ್ಕನ ಮಗ, ಅದೇ ಮದಗದಲ್ಲಿ ಹನ್ನೊಂದು ವರ್ಷದಿಂದ ಹಕ್ಕಿ ಎಣಿಸುವವರು. ಅದಲು ಬದಲಾಗಿಲ್ಲ, ನೀವು ಓದಿದ್ದು ಸರಿಯಾಗಿಯೇ ಇದೆ.

ಪರ: ಗದ್ದೆ ಮಾಡುವವನ ಮಾತು

ನಮ್ಮ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿರುತ್ತದೆ. ನೆಂಟರು ಬಂದಾಗ ‘ನಿಮ್ಮ ಬಾವಿ ಒಳ್ಳೇದು ಮಾರಾಯ್ರೆ’ ಎನ್ನುತ್ತಾರೆ. ಬಾವಿ ಒಳ್ಳೆಯದಲ್ಲ, ಮೇಲಿರುವ ಮದಗ ಒಳ್ಳೆಯದು.

ಮದಗ ಅಂದರೆ ತೋಡಿ ಮಾಡಿದ ಕೆರೆಯಲ್ಲ. ಎರಡು ಗುಡ್ಡೆಗಳ ನಡುವೆ ಮಣ್ಣಿನ ದಂಡೆ ಹಾಕಿ ಮಳೆ ನೀರನ್ನು ನಿಲ್ಲಿಸಿದ್ದು. ದಂಡೆಯ ಬುಡದಲ್ಲಿ ಒಂದು ತೂಬು. ತೂಬಿಗೊಂದು ಮರದ ಹಲಗೆ. ಹಲಗೆ ಎತ್ತಿದರೆ ನೀರು ತೋಡಿಗೆ ಇಳಿದು ಬೈಲಿಗೆ, ಅಂದರೆ ಕೆಳಗಿನ ಗದ್ದೆಗಳಿಗೆ, ಬರುತ್ತದೆ. ಇದನ್ನು ಯಾರು ಯಾವ ಕಾಲದಲ್ಲಿ ಕಟ್ಟಿದರೋ, ನನ್ನ ಅಜ್ಜನಿಗೂ ತಿಳಿದಿರಲಿಲ್ಲ. ಕಟ್ಟಿದವರಿಗೆ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತಿತ್ತು.

ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಮುರಕಲ್ಲಿನದ್ದು, ಜರಡಿಯ ಹಾಗೆ. ಮೇಲಿನಿಂದ ಕುಡಿದದ್ದನ್ನು ಕೆಳಗಿನಿಂದ ಬಿಟ್ಟುಬಿಡುತ್ತದೆ. ಅದಕ್ಕೇ ಇಷ್ಟು ಮಳೆಯ ಊರಿನಲ್ಲಿ ಮಾರ್ಚ್ ಬಂದರೆ ಟ್ಯಾಂಕರ್ ಓಡುತ್ತದೆ. 2019ರ ಬೇಸಿಗೆ ನೆನಪಿದೆ ಅಲ್ವಾ? ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ನೆಲ ಕಂಡಿತು. ಮಂಗಳೂರಿನಲ್ಲಿ ನೇತ್ರಾವತಿಯ ತುಂಬೆಯಲ್ಲಿ ನೀರು ಇಳಿದು ಸರದಿ ಪ್ರಕಾರ ನೀರು ಬಿಟ್ಟರು. ಆ ವರ್ಷವೂ ನಮ್ಮ ಮದಗದಲ್ಲಿ ಎಮ್ಮೆ ಮುಳುಗುವಷ್ಟು ನೀರಿತ್ತು. ಹೂಳು ತುಂಬಿದ ಮದಗ ಅದು. ಹೂಳಿಲ್ಲದೆ ಇದ್ದಿದ್ದರೆ ಇನ್ನೂ ಜಾಸ್ತಿ ಇರುತ್ತಿತ್ತು.

ಹೂಳಿನ ಕಥೆಯನ್ನೂ ಹೇಳಬೇಕು. ನಾನು ಹುಡುಗನಾಗಿದ್ದಾಗ ವರ್ಷಕ್ಕೊಮ್ಮೆ, ನೀರು ತಳ ಕಂಡ ಮೇಲೆ, ಮನೆಗೊಬ್ಬರಂತೆ ಬಂದು ಗೋಡು ಎತ್ತುತ್ತಿದ್ದರು. ಗೋಡು ಗದ್ದೆಗೆ ಹೋಗುತ್ತಿತ್ತು, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಕರೆಯುತ್ತಿದ್ದವರು ದೊಡ್ಡ ಮನೆಯ ಧಣಿಗಳು. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂತು. ಉಳುತ್ತಿದ್ದ ನಮ್ಮಂಥವರಿಗೆ ಗದ್ದೆ ಸಿಕ್ಕಿತು. ಆ ಕಾಯ್ದೆ ಇಲ್ಲದಿದ್ದರೆ ನಾನು ಇವತ್ತು ‘ನನ್ನ ಗದ್ದೆ’ ಎಂದು ಬರೆಯುತ್ತಿರಲಿಲ್ಲ, ಹಾಗಾಗಿ ಅದರ ಬಗ್ಗೆ ಕೆಟ್ಟ ಮಾತಿಲ್ಲ. ಆದರೆ ಗದ್ದೆ ಹಂಚಿಕೆಯಾಯಿತು, ಮದಗದ ಕೆಲಸ ಹಂಚಿಕೆಯಾಗಲಿಲ್ಲ. ಧಣಿಗಳು ಕರೆಯುವುದನ್ನು ಬಿಟ್ಟರು, ನಾವು ಹೋಗುವುದನ್ನು ಬಿಟ್ಟೆವು. ಆಮೇಲೆ ಪಂಪ್‌ಸೆಟ್ ಬಂತು, ಬೋರ್‌ವೆಲ್ ಬಂತು. ಮದಗವನ್ನು ಎಲ್ಲರೂ ಮರೆತರು. ಹಕ್ಕಿಗಳು ಮರೆಯಲಿಲ್ಲ.

ನನಗೆ ಹಕ್ಕಿಗಳ ಹೆಸರು ಅಷ್ಟು ಗೊತ್ತಿಲ್ಲ. ಹುಂಡುಕೋಳಿ, ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿ ಗೊತ್ತು. ಉದ್ದ ಬೆರಳಿನ ಒಂದು ಹಕ್ಕಿ ತಾವರೆ ಎಲೆಯ ಮೇಲೆ ನಡೆಯುತ್ತದೆ. ಅದು ದೇವನಕ್ಕಿ ಎಂದು ಅಳಿಯ ಹೇಳಿಕೊಟ್ಟ. ಅದರಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದಂತೆ. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡೇ. ಇದನ್ನು ಕೇಳಿದ ದಿನದಿಂದ ನಮ್ಮ ಮನೆಯವಳಿಗೆ ಆ ಹಕ್ಕಿಯ ಮೇಲೆ ತುಂಬ ಗೌರವ.

ಈ ಹಕ್ಕಿಗೆ ಬೇಕಾದದ್ದು ಆಳದ ನೀರಲ್ಲ. ಮೊಣಕಾಲುದ್ದದ ನೀರು, ಎಲೆ, ಕೆಸರು, ಇಳಿಜಾರಾದ ಅಂಚು. ಕೆರೆ ಅಭಿವೃದ್ಧಿ ಮಾಡುವವರು ಮೊದಲು ತೆಗೆಯುವುದು ಈ ಅಂಚನ್ನೇ. ಪಕ್ಕದ ಊರಿನಲ್ಲಿ ಒಂದು ಕೆರೆಗೆ ಹಾಗೇ ಆಯಿತು. ಜೆಸಿಬಿ ಬಂದು ಬಾಣಲೆಯ ಹಾಗೆ ಕೆತ್ತಿತು. ಸುತ್ತ ಕಲ್ಲು ಕಟ್ಟಿದರು. ಮೇಲೆ ಇಂಟರ್‌ಲಾಕ್ ಹಾಕಿ ನಡೆಯುವ ದಾರಿ ಮಾಡಿದರು, ದೀಪದ ಕಂಬ ನೆಟ್ಟರು. ಉದ್ಘಾಟನೆಯ ದಿನ ಚೆನ್ನಾಗಿಯೇ ಕಂಡಿತು. ಆದರೆ ನೀರಿಗಿಳಿದ ದನ ಮೇಲೆ ಬರಲಾಗದೆ ಒದ್ದಾಡಿತು. ಆ ಮಳೆಗಾಲದಲ್ಲಿ ಅಲ್ಲಿ ಕಪ್ಪೆ ವಟಗುಟ್ಟಲಿಲ್ಲ.

ಕೇಂದ್ರದ ಅಮೃತ ಸರೋವರ ಯೋಜನೆ 2022ರಲ್ಲಿ ಬಂತು. ಜಿಲ್ಲೆಗೆ 75 ಕೆರೆ. ಒಂದೊಂದಕ್ಕೂ ಕನಿಷ್ಠ ಒಂದು ಎಕರೆ ಜಾಗ, ಸುಮಾರು 10,000 ಘನ ಮೀಟರ್ ನೀರು ಹಿಡಿಯುವ ಶಕ್ತಿ. ಒಳ್ಳೆಯ ಯೋಜನೆಯೇ, ನಾನು ಬೈಯುವುದಿಲ್ಲ. ಆದರೆ ಅಳತೆ ಗಮನಿಸಿ. ಕೊಡಪಾನವನ್ನು ಅಳೆದ ಹಾಗೆ ಕೆರೆಯನ್ನು ಅಳೆಯುತ್ತೇವೆ. ಎಷ್ಟು ಹಿಡಿಯುತ್ತದೆ ಎಂಬುದೊಂದೇ ಲೆಕ್ಕ. ಅದರೊಳಗೆ ಏನು ಬದುಕುತ್ತದೆ ಎಂಬುದಕ್ಕೆ ಕಾಲಂ ಇಲ್ಲ. ನಮ್ಮ ಮದಗಕ್ಕೂ ಬೋಟಿಂಗ್ ಮಾಡಿದರೆ ಹೇಗೆ ಎಂದು ಕಳೆದ ವರ್ಷ ಒಬ್ಬರು ಸಭೆಯಲ್ಲಿ ಕೇಳಿದರು. ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು. ನನಗೆ ಅವತ್ತು ನಿದ್ದೆ ಬರಲಿಲ್ಲ.

ಅದಕ್ಕೇ ನಾನು ಕಾನೂನಿನ ಬೇಲಿ ಕೇಳುತ್ತಿದ್ದೇನೆ. ಯಾವ ಬೇಲಿ ಎಂದು ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮ ಜಿಲ್ಲೆಯಲ್ಲಿ ‘ಅಭಯಾರಣ್ಯ’ ಎಂದರೆ ಜನ ಬೆಚ್ಚಿಬೀಳುತ್ತಾರೆ. ಅದು ಸುಮ್ನೆ ಬಂದ ಹೆದರಿಕೆಯೂ ಅಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದ ಮೇಲೆ ಒಳಗಿದ್ದ ಮನೆಗಳಿಗೆ ರಸ್ತೆ, ಕರೆಂಟು ಎಲ್ಲವೂ ಅರ್ಜಿ ಹಿಡಿದು ಅಲೆಯುವ ವಿಷಯವಾಯಿತು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿ 2013ರಲ್ಲಿ ಬಂತು. 2024ರ ಜುಲೈನಲ್ಲಿ ಆರನೇ ಸಲ ಕರಡು ಬಂದಾಗಲೂ ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ರಾಜ್ಯ ಸಂಪುಟವೇ ಬೇಡ ಎಂದಿತು. ಡೀಮ್ಡ್ ಫಾರೆಸ್ಟ್ (ಕಾಡು ಎಂದು ಪರಿಗಣಿಸಿದ ಜಾಗ) ಗೊಂದಲದಲ್ಲಿ ಹಕ್ಕುಪತ್ರ ಸಿಗದೆ ಕಾದವರು ನಮ್ಮಲ್ಲೇ ಎಷ್ಟೋ ಮಂದಿ.

ನಾನು ಕೇಳುತ್ತಿರುವುದು ಅದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದಕ್ಕೆ 2002ರಲ್ಲಿ ತಿದ್ದುಪಡಿ ತಂದು ಸಮುದಾಯ ಮೀಸಲು ಎಂಬ ಹೊಸ ಬಗೆಯನ್ನು ಸೇರಿಸಿದರು. ಅದು 36-ಸಿ ಕಲಂ. ಊರವರೋ ಜಾಗದ ಮಾಲೀಕರೋ ತಾವಾಗಿ ಮುಂದೆ ಬಂದರೆ ಮಾತ್ರ ಘೋಷಣೆ. ನೋಡಿಕೊಳ್ಳಲು ಸಮಿತಿ. ಅದಕ್ಕೆ ಗ್ರಾಮ ಪಂಚಾಯತ್ ಹೆಸರಿಸುವ ಕನಿಷ್ಠ ಐದು ಮಂದಿ, ಅರಣ್ಯ ಇಲಾಖೆಯ ಒಬ್ಬರು. ಅಧ್ಯಕ್ಷರನ್ನು ಸಮಿತಿಯೇ ಆರಿಸುತ್ತದೆ. ಅವರೇ ಆ ಮೀಸಲಿನ ಗೌರವ ವನ್ಯಜೀವಿ ಪಾಲಕರು. ಒಬ್ಬ ಬೇಸಾಯಗಾರ ವನ್ಯಜೀವಿ ಪಾಲಕ ಆಗಬಹುದು ಎಂದು ಕಾನೂನು ಬರೆದದ್ದು ನನಗಂತೂ ಇಷ್ಟವಾಯಿತು.

ಇನ್ನೊಂದು ಮುಖ್ಯ ವಿಷಯ ತೂಬು. ಅಭಯಾರಣ್ಯವಾದರೆ 29ನೇ ಕಲಂ ಬರುತ್ತದೆ. ಒಳಗಿನ ನೀರನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು. ಸಮುದಾಯ ಮೀಸಲಿಗೆ ಆ ಕಲಂ ಹಾಕಿಲ್ಲ. ಹಲಗೆ ಎತ್ತಲು ಬೆಂಗಳೂರಿಗೆ ಕಾಗದ ಬರೆಯಬೇಕಾಗಿಲ್ಲ.

ಹಾಗೆ ನೋಡಿದರೆ ನಮಗೂ ಹಕ್ಕಿಗೂ ನೀರಿನ ಜಗಳವೇ ಇಲ್ಲ. ದೇವನಕ್ಕಿ, ಶಿಳ್ಳೆಬಾತು ಗೂಡು ಮಾಡುವುದು ಮಳೆಗಾಲದಲ್ಲಿ. ಆಗ ಏಣಿಲಿಗೆ, ಅಂದರೆ ಮಳೆಗಾಲದ ಭತ್ತದ ಬೆಳೆಗೆ, ಆಕಾಶದ ನೀರೇ ಸಾಕು, ಹಲಗೆ ಮುಟ್ಟುವುದಿಲ್ಲ. ನಮಗೆ ಮದಗದ ನೀರು ಬೇಕಾಗುವುದು ಆ ಎಂಒ-4 ಭತ್ತ ಕೊಯ್ದು, ಸುಗ್ಗಿಗೆ (ಎರಡನೇ ಬೆಳೆಗೆ) ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಮೇಲೆ. ಅಷ್ಟರಲ್ಲಿ ಮರಿಗಳು ಹಾರಿರುತ್ತವೆ. ನೀರು ಇಳಿದಾಗ ಕಾಣುವ ಕೆಸರಿನಲ್ಲಿ ಚಳಿಗಾಲದ ಹಕ್ಕಿಗಳು ಕೊಕ್ಕು ಹಾಕುತ್ತವೆ. ಯಾರೂ ಕೂತು ಯೋಜನೆ ಮಾಡಿದ್ದಲ್ಲ. ಹಾಗೇ ಹೊಂದಿಕೊಂಡು ಬಂದಿದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೋಡಿ. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬುಡದಲ್ಲಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಯಾರನ್ನೂ ಎಬ್ಬಿಸಲಿಲ್ಲ. ಮನೆ ಇದ್ದಲ್ಲೇ ಇದೆ, ಹಕ್ಕಿ ಬಂದಲ್ಲೇ ಇದೆ.

ನವಿಲು ಬರುತ್ತದೆ, ಕಾಡುಹಂದಿ ಬರುತ್ತದೆ ಎನ್ನುವವರಿಗೆ ಒಂದೇ ಮಾತು: ಅವು ಈಗಲೂ ಬರುತ್ತಿವೆ. ಬೋರ್ಡು ಓದಿಕೊಂಡು ಬರುವ ಹಂದಿಯನ್ನು ನಾನು ನೋಡಿಲ್ಲ.

ಕೊನೆಗೆ ನನ್ನ ನಿಜವಾದ ಕಾರಣ. ತೂಬಿನ ಹಲಗೆ ನಮ್ಮ ದನದ ಹಟ್ಟಿಯಲ್ಲಿದೆ. ನನ್ನ ಅಪ್ಪ ಎತ್ತುತ್ತಿದ್ದರು, ಈಗ ನಾನು. ಯಾವ ದಾಖಲೆಯಲ್ಲೂ ಇದು ಬರೆದಿಲ್ಲ. ಕೆಳಗಿನ ಬೈಲಿನಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಮನೆಯವರು ಸುಗ್ಗಿ ಮಾಡುತ್ತಿದ್ದರು, ಈಗ ಮೂರು ಮನೆ. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಬರುವುದಿಲ್ಲ, ಬಾ ಎಂದು ಕರೆಯುವ ಧೈರ್ಯ ನನಗೂ ಇಲ್ಲ. ನಾನು ಹೋದ ಮೇಲೆ ಈ ಮದಗದ ವಿಷಯದಲ್ಲಿ ‘ಹಾಗೆ ಮಾಡಬೇಡಿ’ ಎಂದು ಹೇಳಲು ಯಾರಿರುತ್ತಾರೆ? ಬಾಯಿಮಾತಿನ ಕಟ್ಟಳೆ ಅದನ್ನು ಆಡುವ ಬಾಯಿ ಇರುವವರೆಗೆ. ಆಮೇಲೆ ಉಳಿಯುವುದು ಕಾಗದದಲ್ಲಿ ಇದ್ದದ್ದು ಮಾತ್ರ. ಆ ಕಾಗದ ಬೋಟಿಂಗಿನದ್ದಾಗುವ ಮೊದಲು ಹಕ್ಕಿಯದ್ದಾಗಲಿ ಎಂದು ನಾನು ಕೇಳುತ್ತಿದ್ದೇನೆ.

ವಿರೋಧ: ಹಕ್ಕಿ ಎಣಿಸುವವನ ಮಾತು

ನಾನು ವಿರೋಧ ಬರೆಯುತ್ತೇನೆ ಎಂದಾಗ ಅತ್ತೆ ನಕ್ಕರು. ‘ಹಕ್ಕಿ ಹಕ್ಕಿ ಅಂತ ಊಟ ಬಿಟ್ಟವನು ನೀನೇ ಅಲ್ವಾ’ ಎಂದರು. ಹೌದು ಅತ್ತೆ, ನಾನೇ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ದೇವನಕ್ಕಿಯ ಗೂಡಿನ ಫೋಟೋ ತೆಗೆದೆ. ನಾಲ್ಕು ಮೊಟ್ಟೆ, ಮೆರುಗು ಹಾಕಿದ ಹಾಗೆ ಹೊಳೆಯುತ್ತಿದ್ದವು. ಖುಷಿ ತಡೆಯಲಾಗದೆ ಒಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ, ಜಾಗದ ಗುರುತನ್ನೂ ಕಳಿಸಿದೆ. ಮುಂದಿನ ಭಾನುವಾರ ದಂಡೆಯ ಮೇಲೆ ಏಳು ಬೈಕು, ಎರಡು ಕಾರು. ಅಡ್ಡ ಬರುತ್ತದೆ ಎಂದು ಯಾರೋ ಕೇದಗೆಯನ್ನು ಕಡಿದಿದ್ದರು. ಒಬ್ಬರು ಪ್ಯಾಂಟು ಮಡಚಿ ನೀರಿಗೆ ಇಳಿದಿದ್ದರು. ಮಂಗಳವಾರ ನಾನು ಹೋದಾಗ ಗೂಡಿನಲ್ಲಿ ಮೊಟ್ಟೆ ಇರಲಿಲ್ಲ. ಅವರೇ ಕಾರಣ ಎಂದು ಹೇಳಲಾರೆ. ಕಾಗೆ, ಹಾವು ಯಾವುದೂ ಆಗಿರಬಹುದು. ಗಂಡು ಹಕ್ಕಿ ಮೊಟ್ಟೆ ಬಿಟ್ಟು ಎಷ್ಟು ಹೊತ್ತು ದೂರ ಇರಬೇಕಾಯಿತು ಎಂಬುದು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ. ಬಂದವರೆಲ್ಲರೂ ಹಕ್ಕಿ ಪ್ರೇಮಿಗಳು. ಕೆಟ್ಟವರು ಒಬ್ಬರೂ ಇರಲಿಲ್ಲ.

ಮದಗಕ್ಕೆ ಬೋರ್ಡು ಹಾಕುವುದೆಂದರೆ ಅದೇ ಗುರುತನ್ನು ಇಡೀ ರಾಜ್ಯಕ್ಕೆ ಕಳಿಸಿದ ಹಾಗೆ. ಹೆಸರಿಗೆ ‘ವನ್ಯಜೀವಿ’ ಎಂದು ಸೇರಿದ ಕೂಡಲೇ ಗೇಟು ಬರುತ್ತದೆ, ಪಾರ್ಕಿಂಗ್ ಬರುತ್ತದೆ, ಗೋಳಿಬಜೆ ಅಂಗಡಿ ಬರುತ್ತದೆ. ಮಾವ ಹೆದರುವ ಬೋಟಿಂಗ್ ಮುಂಬಾಗಿಲಿನಿಂದ ಬರದಿದ್ದರೆ ಹಿಂಬಾಗಿಲಿನಿಂದ ‘ಪರಿಸರ ಪ್ರವಾಸೋದ್ಯಮ’ ಎಂಬ ಹೆಸರಿನಲ್ಲಿ ಬರುತ್ತದೆ. ಇಷ್ಟು ವರ್ಷ ಈ ಮದಗ ಉಳಿದದ್ದಕ್ಕೆ ದೊಡ್ಡ ಕಾರಣ ಅದು ಯಾರ ಕಣ್ಣಿಗೂ ಬೀಳದೆ ಇದ್ದದ್ದು.

ಈಗ ಕಾನೂನಿಗೆ ಬರೋಣ. ಮಾವ ಕಲಂ ಸರಿಯಾಗಿಯೇ ಓದಿದ್ದಾರೆ. ಆದರೆ ಪಹಣಿ ಓದಿಲ್ಲ. 36-ಸಿ ಕಲಂ ಇರುವುದು ಖಾಸಗಿ ಅಥವಾ ಸಮುದಾಯದ ಜಾಗಕ್ಕೆ. ಹಾಡಿಯಲ್ಲಿ ನಮ್ಮ ಕುಟುಂಬದ್ದೂ ನಾಗಬನದ್ದೂ ಸೇರಿ ಒಂದಷ್ಟು ಭಾಗ ಹಾಗಿದೆ, ನಿಜ. ಆದರೆ ಮದಗ? ಪಹಣಿಯಲ್ಲಿ ಅದು ಸರ್ಕಾರಿ ಕೆರೆ. ಸರ್ಕಾರಿ ಜಾಗಕ್ಕೆ ಇರುವುದು ಪಕ್ಕದ ಕಲಂ, 36-ಎ. ಅದರ ಹೆಸರು ಸಂರಕ್ಷಣಾ ಮೀಸಲು. ಅಲ್ಲಿಯೂ ಸಮಿತಿ ಇದೆ. ಅರಣ್ಯ ಇಲಾಖೆಯವರು ಅದರ ಸದಸ್ಯ ಕಾರ್ಯದರ್ಶಿ, ಪಂಚಾಯತ್‌ನಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಪಾಲನೆ ಇಲಾಖೆಗಳಿಂದ ಒಬ್ಬೊಬ್ಬರು. ಆ ಸಮಿತಿಯ ಕೆಲಸ ಮುಖ್ಯ ವನ್ಯಜೀವಿ ಪಾಲಕರಿಗೆ ಸಲಹೆ ಕೊಡುವುದು. ಸಲಹೆ ಮಾತ್ರ. ಅಂದರೆ ಹಾಡಿಗೊಂದು ಕಾನೂನು, ನೀರಿಗೊಂದು ಕಾನೂನು. ಹುಂಡುಕೋಳಿ ಬೆಳಗ್ಗೆ ಒಂದರಲ್ಲಿ ಮೇಯುತ್ತದೆ, ಸಂಜೆ ಇನ್ನೊಂದರಲ್ಲಿ ಮಲಗುತ್ತದೆ. ಆ ಸಮಿತಿಯಲ್ಲಿ ಊರಿನ ಪಾಲಿಗೆ ಇರುವುದು ಒಂದು ಕುರ್ಚಿ. ಅದು ಮಾವನಿಗೆ ಸಿಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಸಮುದಾಯ ಮೀಸಲು ಆದ ಹಾಡಿಯೂ ಪೂರ್ತಿ ನಮ್ಮ ಕೈಯಲ್ಲಿ ಇರುವುದಿಲ್ಲ. ಅಲ್ಲಿ ಜಾಗದ ಬಳಕೆ ಬದಲಾಯಿಸಬೇಕಾದರೆ ಸಮಿತಿ ನಿರ್ಣಯ ಮಾಡಿದರೆ ಸಾಲದು, ರಾಜ್ಯ ಸರ್ಕಾರ ಒಪ್ಪಬೇಕು. ಇವತ್ತಿನ ಕೆಟ್ಟ ಆಸೆಯನ್ನು ಇದು ತಡೆಯುತ್ತದೆ, ಸರಿ. ನಾಳೆಯ ಒಳ್ಳೆಯ ಯೋಚನೆಯನ್ನೂ ತಡೆಯುತ್ತದೆ. ನಮ್ಮ ಮಕ್ಕಳ ಕಾಲಕ್ಕೆ ಆ ಹಾಡಿಯಲ್ಲಿ ಏನು ಬೇಕಾಗುತ್ತದೋ ಯಾರಿಗೆ ಗೊತ್ತು?

ಕೊಕ್ಕರೆ ಬೆಳ್ಳೂರಿನ ಉದಾಹರಣೆ ಮಾವನಿಗಿಂತ ನನಗೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಜನ ಹಕ್ಕಿಯನ್ನು ಕಾಪಾಡಿದ್ದು 2007ಕ್ಕೆ ಎಷ್ಟೋ ಮೊದಲೇ. ಊರಿನ ಹುಡುಗರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುತ್ತಿತ್ತು. ಸರ್ಕಾರ ಆ ಕೆಲಸಕ್ಕೆ ಆಮೇಲೆ ಮುದ್ರೆ ಒತ್ತಿತು. ಇನ್ನು, 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು. ತಿಂದ ಮೀನಿನಿಂದ ಬಂದದ್ದು. ಆ ಮೀನು ಸುತ್ತಮುತ್ತಲಿನ ಕೆರೆಗಳದ್ದು, ಮೀಸಲಿನ ಗಡಿಯ ಹೊರಗಿನದ್ದು. ಹಕ್ಕಿ ಗಡಿ ದಾಟಿ ಊಟಕ್ಕೆ ಹೋಗುತ್ತದೆ, ಕಾಯ್ದೆ ಹೋಗುವುದಿಲ್ಲ. ನಮ್ಮ ಮದಗಕ್ಕೂ ಅಪಾಯ ಇರುವುದು ಮೇಲಿನ ಗುಡ್ಡೆಯಲ್ಲಿ. ಅಲ್ಲಿ ಮುರಕಲ್ಲಿನ ಕೋರೆ ಶುರುವಾದರೆ ಎರಡು ಮಳೆಗಾಲದಲ್ಲಿ ಕೆಂಪು ಕೆಸರು ಬಂದು ತುಂಬುತ್ತದೆ. ಆ ಗುಡ್ಡೆ ಮಾವನ ನಕ್ಷೆಯಲ್ಲಿ ಇಲ್ಲ.

ಊರವರು ಕಾಪಾಡುವುದು ಅಂದರೆ ಹೇಗಿರುತ್ತದೆ? ಮಂಗಳೂರಿನ ಹತ್ತಿರ ಚೇಳ್ಯಾರಿನಲ್ಲಿ ಖಂಡಿಗೆ ಎಂಬ ಜಾಗವಿದೆ. ಅಲ್ಲಿನ ಧರ್ಮರಸು ಉಳ್ಳಾಯ ದೈವಸ್ಥಾನದ ಜಾತ್ರೆಗೆ ಮೇ ತಿಂಗಳ ಸಂಕ್ರಮಣದ ದಿನ ಊರಿಗೆ ಊರೇ ನಂದಿನಿ ನದಿಗೆ ಇಳಿದು ಮೀನು ಹಿಡಿಯುತ್ತದೆ. ಅದಕ್ಕೆ ಮುಂಚೆ ಕೆಲವು ತಿಂಗಳು ಅಲ್ಲಿ ಯಾರೂ ಬಲೆ ಹಾಕುವಂತಿಲ್ಲ. ಕಾವಲುಗಾರ ಇಲ್ಲ, ದಂಡದ ರಸೀದಿ ಇಲ್ಲ. ದೈವದ ಕಟ್ಟಳೆ, ಅಷ್ಟೇ. ಆ ಕಟ್ಟಳೆಯಲ್ಲಿ ‘ಮುಟ್ಟಬೇಡ’ ಎಂಬುದರ ಜೊತೆ ‘ಇಂಥ ದಿನ ಎಲ್ಲರೂ ಬನ್ನಿ’ ಎಂಬುದೂ ಇದೆ. ಜನ ಕಾಯುವುದು ಈ ಎರಡನೆಯ ಮಾತಿನ ಆಸೆಗೆ. ಬೋರ್ಡಿನಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ಇಲ್ಲಿ ನನ್ನ ವಾದಕ್ಕೆ ಬೀಳುವ ಒಂದು ಪೆಟ್ಟನ್ನೂ ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾವ ಸಭೆಯಲ್ಲಿ ಹೇಳುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ ಮೀನು ದೇವರದ್ದು. ಯಾರೂ ಹಿಡಿಯುವುದಿಲ್ಲ, ಬಂದವರೆಲ್ಲ ಅಕ್ಕಿ, ಮಂಡಕ್ಕಿ ಹಾಕುತ್ತಾರೆ. ಆದರೂ 1996ರಲ್ಲಿ ಯಾರೋ ನದಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಅವುಗಳಿಗೊಂದು ಸ್ಮಾರಕವೂ ಅಲ್ಲಿದೆ. ಹಾಗಾಗಿ ಭಕ್ತಿಯೊಂದೇ ಸಾಕು ಎಂದು ನಾನು ಹೇಳುವುದಿಲ್ಲ. ಒಬ್ಬ ಕೇಡಿ ಹುಟ್ಟಿದರೆ ದೈವದ ಕಟ್ಟಳೆಯೂ ಸೋಲುತ್ತದೆ, ಬೋರ್ಡೂ ಸೋಲುತ್ತದೆ.

ಮಾವನ ಬರಹದಲ್ಲಿ ಇಲ್ಲದ ಕೆಲವರು ಇದ್ದಾರೆ. ಹಾಡಿಯ ಬೀಳು ಬಳ್ಳಿ ಕೊಯ್ದು ಬುಟ್ಟಿ ಹೆಣೆಯುವ ಕೊರಗ ಕುಟುಂಬದವರು. ತರಗೆಲೆ ಗುಡಿಸಿ ಹಟ್ಟಿಗೆ ಹಾಕುವ ಹೆಂಗಸರು. ಮೇ ತಿಂಗಳಲ್ಲಿ ತಳದ ಕೆಸರಿನಲ್ಲಿ ಮುಗುಡು ಮೀನು ಹುಡುಕುವ ಹುಡುಗರು. ಇವರಲ್ಲಿ ಎಷ್ಟು ಮಂದಿ ಗ್ರಾಮಸಭೆಗೆ ಬಂದು ಮೈಕ್ ಹಿಡಿಯುತ್ತಾರೆ? ಸಮಿತಿಯ ಐದು ಮಂದಿ ಯಾರಾಗುತ್ತಾರೆ ಎಂದು ಊರಿನಲ್ಲಿ ಈಗಲೇ ಎಲ್ಲರಿಗೂ ಗೊತ್ತಿದೆ. ಹೆಸರು ಬೇಡ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರ ಮನೆಗೆ ಬುಟ್ಟಿ ಪ್ಲಾಸ್ಟಿಕ್ಕಿನದ್ದು ಬರುತ್ತದೆ, ಹಟ್ಟಿಯಲ್ಲಿ ದನ ಇಲ್ಲ. ‘ಹಾಡಿಗೆ ಪ್ರವೇಶ ಇಲ್ಲ’ ಎಂಬ ನಿರ್ಣಯಕ್ಕೆ ಕೈ ಎತ್ತುವುದು ಅವರಿಗೆ ತುಂಬ ಸುಲಭ.

ಹೆಸರಿಲ್ಲದ ಜಾಗಗಳನ್ನು ನಾವು ಕೀಳು ಮಾಡುವುದೂ ಬೇಡ. ಮಂಗಳೂರಿನ ಕೈಗಾರಿಕೆಗಳ ನಡುವಿನ ಜಾಗದಲ್ಲಿ ಒಂದು ಪುಟ್ಟ ಕಪ್ಪೆ ಸಿಕ್ಕಿತು. 2018ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿ ಮೈಕ್ರೋಹೈಲಾ ಕೊಡಿಯಲ್ ಎಂದು ಹೆಸರಿಟ್ಟರು. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಅದಕ್ಕೂ ಮೊದಲು 2009ರಲ್ಲಿ ಅದೇ ಊರಿನ ಇನ್ನೊಂದು ಕಪ್ಪೆಗೆ ಅಲೋಶಿಯಸ್ ಕಾಲೇಜಿನ ಹೆಸರು ಬಂತು. ಯಾವ ಮೀಸಲಿನಲ್ಲೂ ಹುಡುಕಿದ್ದಲ್ಲ ಇವು. ಒಂದು ಮದಗಕ್ಕೆ ಮಾತ್ರ ‘ಇದು ವನ್ಯಜೀವಿಯ ಜಾಗ’ ಎಂದು ಬರೆದರೆ ಉಳಿದ ಹೊಂಡ, ತೋಡು, ಹಡಿಲು (ಬೇಸಾಯ ಬಿಟ್ಟ) ಗದ್ದೆ ಎಲ್ಲವೂ ‘ಅಲ್ಲ’ ಎಂದಾಗುತ್ತದೆ. ಅದನ್ನು ತುಂಬಿಸುವವರಿಗೆ ಅಷ್ಟೇ ಸಾಕು.

ಹಾಗಾದರೆ ಏನು ಮಾಡೋಣ ಎಂದು ಮಾವ ಕೇಳುತ್ತಾರೆ. ಇರುವುದನ್ನೇ ಬಳಸೋಣ. ಜೀವವೈವಿಧ್ಯ ಕಾಯ್ದೆ 2002ರದ್ದು. ಅದರ ಪ್ರಕಾರ ಪ್ರತಿ ಪಂಚಾಯತ್‌ನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಮ್ಮಲ್ಲೂ ಒಂದು ಪುಸ್ತಕ ಇದೆ, ಕಪಾಟಿನಲ್ಲಿ ಭದ್ರವಾಗಿದೆ. ಅದನ್ನು ಹೊರಗೆ ತೆಗೆದು ಮೂರು ಸಾಲು ಬರೆಯೋಣ. ಮದಗದ ಮೂಡು ಬದಿಯ ಇಳಿಜಾರು ಅಂಚಿಗೆ ಕಲ್ಲು ಕಟ್ಟುವಂತಿಲ್ಲ. ಹೂಳು ಎತ್ತುವುದಾದರೆ ಪಡು ಬದಿಯ ಅರ್ಧ ಈ ವರ್ಷ, ಮುಂದಿನ ಅರ್ಧ ಮತ್ತೊಂದು ವರ್ಷ. ಜೂನ್‌ನಿಂದ ಅಕ್ಟೋಬರ್ ತನಕ ಹಲಗೆ ಮುಟ್ಟುವಂತಿಲ್ಲ. ಒತ್ತುವರಿ ಬಂದರೆ ಅದಕ್ಕೆ ಸುಪ್ರೀಂ ಕೋರ್ಟಿನ 2011ರ ತೀರ್ಪು ಇದೆ. ಊರಿನ ಕೆರೆ, ಗೋಮಾಳಗಳ ಒತ್ತುವರಿ ತೆರವು ಮಾಡಲೇಬೇಕು ಎಂದು ಎಲ್ಲ ರಾಜ್ಯಗಳಿಗೂ ಹೇಳಿದ ತೀರ್ಪು ಅದು. ಪಂಚಾಯತ್ ನಿರ್ಣಯವನ್ನು ಮುಂದಿನ ಪಂಚಾಯತ್ ಅಳಿಸಬಹುದು, ಗೊತ್ತು. ಅಳಿಸಲು ಬಂದ ದಿನ ಸಭೆಯಲ್ಲಿ ಎದ್ದು ನಿಲ್ಲುವವರು ಬೇಕು. ಅವರಿಲ್ಲದಿದ್ದರೆ ಗೆಜೆಟ್ಟಿನಲ್ಲಿ ಬಂದ ಮೀಸಲೂ ಕಾಗದದಲ್ಲಿಯೇ ಇರುತ್ತದೆ.

ಮಾವನ ಕೊನೆಯ ಪ್ಯಾರಾ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರ ಭಯ ನನ್ನದೂ ಹೌದು. ಆದರೆ ಆ ಭಯಕ್ಕೆ ಔಷಧ ಮೀಸಲು ಅಲ್ಲ. ಬೈಲಿನಲ್ಲಿ ಸುಗ್ಗಿ ನಿಂತರೆ ಮದಗದ ನೀರು ಯಾರಿಗೂ ಬೇಡ. ಯಾರಿಗೂ ಬೇಡದ ನೀರಿನಲ್ಲಿ ಕಳೆ ತುಂಬುತ್ತದೆ. ಚಳಿಗಾಲದಲ್ಲಿ ನೀರು ಇಳಿಯದೆ ಹೋದರೆ ಮಾವ ಹೇಳಿದ ಆ ಕೆಸರೂ ಇರುವುದಿಲ್ಲ, ಅಲ್ಲಿ ಮೇಯುವ ಹಕ್ಕಿಯೂ ಬರುವುದಿಲ್ಲ. ಹನ್ನೊಂದು ವರ್ಷದ ನನ್ನ ನೋಟ್‌ಬುಕ್ಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ವರ್ಷ ಮಾವನಿಗೆ ಕಾಲು ಮುರಿದಿತ್ತು, ಸುಗ್ಗಿ ಮಾಡಲಿಲ್ಲ, ಹಲಗೆ ಎತ್ತಲಿಲ್ಲ. ಆ ಜನವರಿಯ ಪುಟ ಅರ್ಧ ಖಾಲಿ ಇದೆ.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯಲ್ಲಿ ಭತ್ತ ಬೆಳೆಯುವ ಅಭಿಯಾನ ನಡೆದಾಗ ಎಷ್ಟೋ ಗದ್ದೆಗಳಲ್ಲಿ ಮತ್ತೆ ಹಸಿರು ಕಂಡಿತ್ತು. ಆಗ ನಮ್ಮ ಬೈಲಿಗೆ ಯಾರೂ ಬರಲಿಲ್ಲ, ನಾವೂ ಕರೆಯಲಿಲ್ಲ. ತೂಬಿನ ನೇರ ಕೆಳಗಿನ ಎರಡು ಗದ್ದೆಯವರು ಮುಂಬೈಯಲ್ಲಿದ್ದಾರೆ. ಕಳೆದ ವಾರ ಅವರಿಗೆ ಫೋನ್ ಮಾಡಿದೆ. ಗೇಣಿ ಗೀಣಿ ಎಂದು ಕಾಗದ ಮಾಡುವುದಿಲ್ಲ, ಒಂದು ವರ್ಷ ಮಾಡಿ ನೋಡು, ಅಕ್ಕಿಯಾದರೆ ಒಂದು ಮುಡಿ ಕಳಿಸು ಎಂದರು. ನನಗೆ ನೇಜಿ ಹಾಕಲು ಬರುವುದಿಲ್ಲ. ಮಾವ, ನೀವು ಹೇಳಿಕೊಡಬೇಕು. ಹಾಗೆಯೇ ಹಟ್ಟಿಯಲ್ಲಿರುವ ಹಲಗೆಯನ್ನು ಮೊನ್ನೆ ನೋಡಿದೆ. ಒಂದು ಮೂಲೆಗೆ ಗೆದ್ದಲು ಹಿಡಿದಿದೆ. ಹೆಬ್ಬಲಸಿನ ಹಲಗೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಡಿ. ಭಾನುವಾರ ಬರುತ್ತೇನೆ.